ಕಾರವಾರದಿಂದ ತಂದ ಜ್ವರ

ಪುಣೆ, ಜೂನ್ ೩, ೧೯೩೪, ಭಾನುವಾರ

ನಿನ್ನೆ ಸಂಜೆ ಮನೆ ಸೇರಿದೆವು. ಹೋಗುವಾಗ ಇದ್ದ ಗಂಟುಗಳಿಗಿಂತ ಬರುವಾಗಿನವು ಹೆಚ್ಚು. ಅಪ್ಪನ ಬೂಟಿನ ತುಂಬ ಮರಳು, ಒಂದು ಚೀಲ ಒಣ ಕೋಕಂ, ಗೋಕರ್ಣದಿಂದ ತಂದ ತೀರ್ಥದ ಗಿಂಡಿ. ಆ ಗಿಂಡಿ ಮುಂಬಯಿಯ ಬೋರಿಬಂದರ್ ಸ್ಟೇಶನ್ನಿನಲ್ಲೇ ಸೋರಿ ನಮ್ಮೆಲ್ಲರ ಹಾಸಿಗೆ ಸುರುಳಿಗಳು ಪವಿತ್ರವಾಗಿ, ಪುಣೆಯವರೆಗೂ ಹಸಿಯಾಗಿಯೇ ಬಂದವು. ನಾನು ತಂದದ್ದು ಹಕ್ಕಿಗಳನ್ನು. ಹೊಸವು ಎಷ್ಟೆಂದು ಇನ್ನೂ ಎಣಿಸಿಲ್ಲ. ಎಣಿಸಿದರೆ ಕಡಿಮೆಯಾದೀತೆಂಬ ಹೆದರಿಕೆ.

ಹಕ್ಕಿಯನ್ನು ಎಲ್ಲಿ ನೋಡಿದೆವು, ಯಾರ ಜೊತೆ ನೋಡಿದೆವು ಎಂದು ಬರೆದಿಡಬೇಕೆಂದು ಶಾಲೆಯಲ್ಲಿ ವಿಜ್ಞಾನ ಕಲಿಸುವ ಬಾಯಿಯವರು ಹೇಳಿದ್ದಾರೆ. ಬರೆಯುತ್ತೇನೆ. ಸ್ಥಳ, ಕಾರವಾರ ಮತ್ತು ಕದ್ರಾ. ಜೊತೆಗಿದ್ದವರು: ನೀರಾವರಿ ಕಚೇರಿಯಲ್ಲಿ ನಕ್ಷೆ ಬರೆಯುವ ನನ್ನ ಅಪ್ಪ ಬಿಂದುಮಾಧವರಾಯ. ನನ್ನ ತಾಯಿ ಹೋದ ಮೇಲೆ ಈ ಮನೆಯನ್ನೂ ನನ್ನ ಜಡೆಯನ್ನೂ ಒಂದೇ ಸಮನೆ ಬಿಗಿಯಾಗಿ ಹಿಡಿದಿರುವ ಅಪ್ಪನ ಅಕ್ಕ, ಅಂದರೆ ನನ್ನ ಅತ್ತೆ ರಾಧಾಬಾಯಿ. ಹೋದ ವರ್ಷ ಅಪ್ಪ ಮದುವೆಯಾಗಿ ಕರೆತಂದ ಭಾಮಾಬಾಯಿಯವರು. ಈ ಭಾಮಾಬಾಯಿಯವರು ಸವದತ್ತಿ ಕಡೆಯ ಹಳ್ಳಿಯವರು, ನನಗಿಂತ ಹತ್ತು ವರ್ಷ ದೊಡ್ಡವರು. ಅವರ ಜಗತ್ತಿನಲ್ಲಿ ಇರುವುದು ಎರಡೇ ಹಕ್ಕಿ. ಚಿಕ್ಕದಿದ್ದರೆ ಗುಬ್ಬಿ, ದೊಡ್ಡದಿದ್ದರೆ ಕಾಗೆ.

ಮುಂಬಯಿಯಿಂದ ಆಗಬೋಟಿನಲ್ಲಿ ಹೋದೆವು. ರೇವು ಬಿಟ್ಟು ಸ್ವಲ್ಪ ಹೊತ್ತಿಗೇ ಅತ್ತೆ ತೆರೆಗೊಂದರಂತೆ ಹರಕೆ ಹೊರತೊಡಗಿದಳು. ಅಷ್ಟೂ ಹರಕೆ ತೀರಿಸಬೇಕಾದರೆ ಅಪ್ಪ ಇನ್ನೊಂದು ಜನ್ಮ ನಕ್ಷೆ ಬರೆಯಬೇಕು. ಭಾಮಾಬಾಯಿಯವರು ಸಮುದ್ರವನ್ನು ನೋಡಿದ್ದು ಅದೇ ಮೊದಲು. ಕಟಕಟೆ ಹಿಡಿದುಕೊಂಡು ಬಹಳ ಹೊತ್ತು ನಿಂತು, ಇಷ್ಟು ನೀರು ಯಾರ ಸುಪರ್ದಿನಲ್ಲಿದೆ ಎಂದು ಅಪ್ಪನನ್ನು ಕೇಳಿದರು. ನೀರಾವರಿ ಕಚೇರಿಯದ್ದಂತೂ ಅಲ್ಲ ಎಂದು ಅಪ್ಪ ಹೇಳಿದ. ಆಮೇಲೆ ಅವರಿಗೆ ವಾಂತಿ ಶುರುವಾಯಿತು. ಬೇರೆ ಜಾಗ ಸಿಗದೆ ನನ್ನ ದುರ್ಬೀನು ಸುತ್ತಿಟ್ಟಿದ್ದ ಬಟ್ಟೆಯ ಮೇಲೇ ಆಯಿತು. ದುರ್ಬೀನಿಗೆ ಏನೂ ಆಗಲಿಲ್ಲ. ನನಗೆ ಮಾತ್ರ ರತ್ನಾಗಿರಿ ದಾಟುವವರೆಗೂ ಸಿಟ್ಟು ಇಳಿಯಲಿಲ್ಲ.

ಕಾರವಾರದಲ್ಲಿ ಅತ್ತೆಗೆ ಬೇರೆಯೇ ಸಂಕಟ. ಗರುಡ ಕಂಡರೆ ಕೈ ಮುಗಿಯುವುದು ಅವಳ ಪದ್ಧತಿ. ಪುಣೆಯಲ್ಲಿ ವರ್ಷಕ್ಕೊಮ್ಮೆ ಕಂಡರೆ ಹೆಚ್ಚು. ಅಲ್ಲಿಯೋ, ಬಂದರಿನ ಮೇಲೆ ಆಕಾಶದ ತುಂಬ ಗರುಡ. ಮುಗಿದ ಕೈ ಇಳಿಸಲು ಪುರುಸೊತ್ತಿಲ್ಲದೆ ಅವಳ ರಟ್ಟೆ ಸೋತುಹೋಯಿತು. ಮೂರನೆಯ ದಿನ ಒಂದು ಗರುಡ ಅವಳ ಕಣ್ಣೆದುರಿಗೇ ಮೀನುಗಾರ್ತಿಯ ಬುಟ್ಟಿಗೆ ಎರಗಿ ಬಂಗಡೆಯನ್ನು ಎತ್ತಿಕೊಂಡು ಹೋಗಿ, ತೆಂಗಿನ ಗರಿಯ ಮೇಲೆ ಕೂತು ನಿಧಾನವಾಗಿ ತಿಂದಿತು. ವಿಷ್ಣುವಿನ ವಾಹನ ಹೀಗೆ ಮಾಡಬಹುದೇ ಎಂದು ಅತ್ತೆ ಅಂದು ರಾತ್ರಿ ಊಟ ಬಿಟ್ಟಳು. ಮರುದಿನದಿಂದ ತಲೆ ತಗ್ಗಿಸಿ ನಡೆಯುವ ಅಭ್ಯಾಸ ಮಾಡಿಕೊಂಡಳು.

ಒಟ್ಟಿನಲ್ಲಿ ಇಂಥ ರಜೆ ಸಿಕ್ಕಿದ್ದಕ್ಕೆ ದೇವರಿಗೂ ಅಪ್ಪನಿಗೂ ಅವನ ರಜೆ ಮಂಜೂರು ಮಾಡಿದ ಸಾಹೇಬರಿಗೂ ನಾನು ಋಣಿ.

ಜೂನ್ ೫, ಮಂಗಳವಾರ

ಕದ್ರಾದ ಸಂಗತಿ ಬರೆಯದೇ ಬಿಡೋಣವೆಂದಿದ್ದೆ. ಬರೆಯದಿದ್ದರೆ ನಿದ್ದೆ ಬರುವಂತಿಲ್ಲ.

ಕದ್ರಾ ಕಾಳೀ ನದಿಯ ಮೇಲ್ಗಡೆ, ಕಾಡಿನೊಳಗಿನ ಊರು. ಅಲ್ಲಿ ಮಂಗಟ್ಟೆ ಹಕ್ಕಿ ಕಾಣುತ್ತದೆಂದು ಕೇಳಿ, ಒಂದು ರಾತ್ರಿ ಅಲ್ಲಿಯ ಬಂಗಲೆಯಲ್ಲಿ ಉಳಿಯೋಣವೆಂದು ಅಪ್ಪನನ್ನು ಕಾಡಿಸಿ ಒಪ್ಪಿಸಿದವಳು ನಾನೇ. ರಾತ್ರಿ ಗೂಬೆಯ ದನಿ ಚೆನ್ನಾಗಿ ಕೇಳಲೆಂದು ಸೊಳ್ಳೆಪರದೆಯ ಹೊರಗೆ ಕೂತೆ. ಒಳಗೆ ಬಾ ಎಂದು ಭಾಮಾಬಾಯಿಯವರು ಎರಡು ಸಲ ಕರೆದರು. ಕೇಳಿಸದವಳಂತೆ ಇದ್ದೆ. ಬೆಳಗಿನ ಜಾವಕ್ಕೆ ಎದ್ದು ಹಣ್ಣು ಬಿಟ್ಟ ಆಲದ ಮರದ ಕೆಳಗೆ ದುರ್ಬೀನು ಹಿಡಿದು ಮಲಗಿದೆ. ಹಕ್ಕಿ ಬರಲಿಲ್ಲ, ಕೆಂಜಿಗ ಬಂದವು. ಸೀರೆ ಕೊಡವಿಕೊಳ್ಳಲು ನದಿಯ ಕಡೆಗೆ ಓಡಿ, ತಿರುಗಿ ಬರುವಷ್ಟರಲ್ಲಿ ಭಾಮಾಬಾಯಿಯವರು ಬಾವಿಯ ಹತ್ತಿರ ಪಾತ್ರೆ ತಿಕ್ಕುತ್ತ ಕೂತಿದ್ದವರು ತಲೆಯೆತ್ತಿ ಅಂದರು:

"ಗೋದಾ, ಈಗ ಒಂದು ದೊಡ್ಡ ಹಕ್ಕಿ ಬಂದಿತ್ತವಾ. ಮೂಗಿನ ಮ್ಯಾಲೆ ಇನ್ನೊಂದು ಮೂಗು. ಹಾರೂಮುಂದ ಹಿಟ್ಟಿನ ಗಿರಣಿ ಶುರು ಆದಂಗ ಸಪ್ಪಳಾತು. ಕಾಗಿ ಅಂತೂ ಅಲ್ಲ."

ಅಂದು ಸಂಜೆಯವರೆಗೆ ನಾನು ಯಾರೊಡನೆಯೂ ಮಾತಾಡಲಿಲ್ಲ. ನಾನು ಎರಡು ವರ್ಷದಿಂದ ಚಿತ್ರದಲ್ಲಷ್ಟೇ ನೋಡುತ್ತಿದ್ದ ಹಕ್ಕಿ ಅವರ ಬೂದಿ ಮೆತ್ತಿದ ಕೈಯೆದುರು ಬಂದು ಕೂತಿತಲ್ಲ! ಅವರಾದರೋ ಅದು ಹೋದ ಮೇಲೆ ಮತ್ತೆ ತಪ್ಪೇಲಿಯ ತಳ ತಿಕ್ಕುವುದಕ್ಕೆ ಶುರುಮಾಡಿದರು.

ಜೂನ್ ೯, ಶನಿವಾರ

ಶಾಲೆಯಿಂದ ಬರುವಾಗ ಲಕ್ಷ್ಮೀ ರಸ್ತೆಯಲ್ಲಿ ಉರಿ ಬಿಸಿಲಿನಲ್ಲಿಯೇ ಚಳಿ ಹತ್ತಿತು. ಮನೆಗೆ ಬಂದು ಎರಡು ಕಂಬಳಿ, ಅದರ ಮೇಲೆ ಅತ್ತೆಯ ಕೌದಿ. ಆದರೂ ಹಲ್ಲು ಕಟಕಟ. ಸಮುದ್ರದ ಗಾಳಿ ಒಗ್ಗಲಿಲ್ಲ ಎಂದು ಅತ್ತೆ, ದೃಷ್ಟಿಯೆಂದು ಭಾಮಾಬಾಯಿಯವರು. ಅಕ್ಷರ ಕುಣಿಯುತ್ತಿವೆ.

ಜೂನ್ ೧೭

ಮಲೇರಿಯಾ. ಡಾಕ್ಟರ್ ಸದಾನಂದ ಹೇಳಿದರು. ನಾನು ಗೂಬೆಯ ದನಿ ಕೇಳುತ್ತಿದ್ದಾಗ ಸೊಳ್ಳೆಗಳೂ ಸುಮ್ಮನಿರಲಿಲ್ಲ.

ಜೂನ್ ೨೪, ಭಾನುವಾರ

ಇವತ್ತು ದಿಂಬಿಗೆ ಒರಗಿ ಕೂತು ಬರೆಯುವಷ್ಟು ಆಗಿದೆ. ಜ್ವರ ದಿನ ಬಿಟ್ಟು ದಿನ ಬರುತ್ತದೆ. ಅದರಷ್ಟು ನೇಮದ ಅತಿಥಿಯನ್ನು ನಾನು ಕಂಡಿಲ್ಲ. ಅದಕ್ಕೆ ಮದ್ದು ಕ್ವಿನೈನ್. ಅದರ ಕಹಿಯನ್ನು ಬರೆದು ತಿಳಿಸುವುದು ಆಗದ ಕೆಲಸ. ಅದರ ಮುಂದೆ ಬೇವನ್ನು ಬೆಲ್ಲವೆಂದು ತಿನ್ನಬಹುದು.

ಕಹಿಗಿಂತ ದೊಡ್ಡ ಕಷ್ಟ ಬೇರೆ ಇದೆ. ಮೂರು ದಿನದಿಂದ ಎರಡೂ ಕಿವಿಯಲ್ಲಿ ಜೀರುಂಡೆ ಕೂಗಿದಂತೆ ಒಂದೇ ದನಿ. ಉಳಿದದ್ದು ಏನೂ ಕೇಳಿಸುವುದಿಲ್ಲ. ಬಲಗಿವಿಗೆ ಬಾಯಿ ಹಚ್ಚಿ ಕೂಗಿದರೆ ಮಾತ್ರ ಬಾವಿಯ ತಳದಿಂದ ಬಂದಂತೆ ಮಾತು ಬರುತ್ತದೆ. ಔಷಧದಿಂದ ಹೀಗಾಗುವುದುಂಟು, ಬಹಳ ಮಂದಿಗೆ ಮತ್ತೆ ಸರಿಹೋಗುತ್ತದೆ ಎಂದು ಡಾಕ್ಟರು ಕೂಗಿದರು. ಎಲ್ಲರಿಗೂ ಸರಿಹೋಗುತ್ತದೆಯೇ ಎಂದು ಕೇಳಿದೆ. ಅವರು ಚೀಲದಲ್ಲಿ ಏನೋ ಹುಡುಕತೊಡಗಿದರು. ಔಷಧ ಬಿಡುವಂತಿಲ್ಲ, ಬಿಟ್ಟರೆ ಜ್ವರ ಬಿಡುವುದಿಲ್ಲ.

ಹಕ್ಕಿಯನ್ನು ಕಣ್ಣಿನಿಂದ ನೋಡುತ್ತಾರೆ ಎಂದು ಜನ ತಿಳಿದಿದ್ದಾರೆ. ಹಾಗಲ್ಲ. ಮೊದಲು ಕೇಳುವುದು, ಆಮೇಲೆ ಹುಡುಕುವುದು. ನಮ್ಮ ವಾಡೆಯ ಅಂಗಳದ ಅತ್ತಿಮರದಲ್ಲಿ ಈಗ ಯಾವ ಯಾವ ಹಕ್ಕಿ ಕೂಗುತ್ತಿರಬೇಕೆಂದು ನನಗೆ ಗೊತ್ತು. ನನ್ನ ಮಂಚದಿಂದ ಕಾಣುವುದು ಮಾತ್ರ ಮಾಳಿಗೆಯ ತೊಲೆ ಮತ್ತು ಅದರಲ್ಲಿ ಒಂದು ಹಲ್ಲಿ.

ಅತ್ತೆ ರಾತ್ರಿಯೆಲ್ಲ ತಲೆಯ ಹತ್ತಿರ ಕೂತು ಜಪ ಮಾಡುತ್ತಾಳೆ. ತುಟಿ ಅಲ್ಲಾಡುವುದು ಕಾಣುತ್ತದೆ. ಗಂಜಿ ಕುಡಿಸುವುದು, ಬಟ್ಟೆ ಬದಲಿಸುವುದು, ಬೆವರು ಒರೆಸುವುದು ಭಾಮಾಬಾಯಿ. ಆಕೆ ಮಾತಾಡದೆ ಮಾಡುತ್ತಾರೆ. ಮಾತಾಡಿದರೂ ನನಗೆ ಗೊತ್ತಾಗುವಂತಿಲ್ಲ.

ಜುಲೈ ೧, ಭಾನುವಾರ

ಇವತ್ತು ನಕ್ಕು ನಕ್ಕು ಪಕ್ಕೆ ನೋವು. ಮೂರು ವಾರದಲ್ಲಿ ಮೊದಲನೆಯ ಸಲ.

ಮಳೆ ಶುರುವಾದಾಗ ಚಾತಕ ಬರುತ್ತದೆ. ಈ ಸಲ ಅದು ಬಂದದ್ದು ನನಗೆ ತಿಳಿಯುವುದೇ ಇಲ್ಲ ಎಂದು ನಿನ್ನೆ ಅಪ್ಪನೆದುರು ಅತ್ತುಬಿಟ್ಟೆ. ಭಾಮಾಬಾಯಿ ಬಾಗಿಲಲ್ಲಿದ್ದರು. ಇವತ್ತು ಬೆಳಿಗ್ಗೆ ಒಲೆಯ ಕೆಲಸ ಮುಗಿಸಿ ಬಂದವರೇ ನನ್ನ ದುರ್ಬೀನನ್ನು ಗೂಟದಿಂದ ತೆಗೆದು, ತಲೆಕೆಳಗಾಗಿ ಹಿಡಿದು, ಕಿಟಕಿಯಲ್ಲಿ ನಿಂತರು. ಎಲ್ಲವೂ ಸವದತ್ತಿಯಷ್ಟು ದೂರ ಕಾಣುತ್ತದೆ ಎಂದು ಕೂಗಿದರು. ತಿರುಗಿಸಿ ಹಿಡಿಯಲು ತೋರಿಸಿದೆ. ಅತ್ತಿಮರ ಒಮ್ಮೆಲೇ ಮೈಮೇಲೆ ಬಂದದ್ದಕ್ಕೆ ಎರಡು ಹೆಜ್ಜೆ ಹಿಂದೆ ಸರಿದು ಕ್ವಿನೈನ್ ಲೋಟ ಉರುಳಿಸಿದರು. ಅಷ್ಟರ ಮಟ್ಟಿಗೆ ದುರ್ಬೀನಿಗೆ ನಾನು ಕೃತಜ್ಞಳು.

ಆಮೇಲೆ ವರದಿ ಶುರುವಾಯಿತು. ಮರ ನೋಡುವುದು, ನನ್ನ ಕಿವಿಗೆ ಬಂದು ಕೂಗುವುದು, ಮತ್ತೆ ಕಿಟಕಿಗೆ ಓಡುವುದು.

"ಒಂದು ಹಸರು ಗುಬ್ಬಿ. ಹಣಿಗೆ ಕುಂಕುಮಾ ಹಚ್ಚಿಕೊಂಡದ. ಕೂತಲ್ಲೇ ತಲಿ ಅಲ್ಲಾಡಿಸಿ ಯಾರದೋ ಬಾಗಲಾ ಬಡದಂಗ ಒದರ್ತದ."

ಕಂಚುಗಾರ ಹಕ್ಕಿ! ಹೆಸರು ಹೇಳಿದೆ. ಯಾಕೆ ಆ ಹೆಸರೆಂದು ಕೇಳಿದರು. ಕಂಚು ಬಡಿದ ಹಾಗೆ ದನಿ ಎಂದೆ. ಹೌದೆಂದು ಒಪ್ಪಿ, ಹೇಗೆ ಬಡಿಯುತ್ತದೆಂದು ತಮ್ಮ ಬಾಯಿಂದಲೇ ಮಾಡಿ ತೋರಿಸಿದರು. ದನಿ ನನಗೆಲ್ಲಿ ಕೇಳಬೇಕು? ಕೆನ್ನೆ ಉಬ್ಬುವುದು, ತಲೆ ಅಲ್ಲಾಡುವುದು ಮಾತ್ರ ಕಂಡಿತು. ಅಷ್ಟರಲ್ಲಿ ಪೂಜೆಯಿಂದ ಎದ್ದು ಬಂದ ಅತ್ತೆ, ತಮ್ಮನ ಹೆಂಡತಿಗೂ ಜ್ವರ ನೆತ್ತಿಗೇರಿತೆಂದು ಗಾಬರಿಯಾಗಿ ಹಣೆ ಮುಟ್ಟಿ ನೋಡಿದಳು. ನಾವಿಬ್ಬರೂ ನಕ್ಕದ್ದು ಒಂದೇ ಹೊತ್ತಿಗೆ.

ಕರೀ ಕೋಟಿನ ಪೋಲೀಸ, ಬಾಲ ಎತ್ತಿ ಎತ್ತಿ ಸಲಾಮು ಹೊಡೆಯುತ್ತಾನೆ ಎಂದದ್ದು ಮಡಿವಾಳ ಹಕ್ಕಿ. ಎಲೆ ಹೊಲಿದುಕೊಂಡು ಕೂತ ಶಿಂಪಿಗರವ ಎಂದದ್ದು ಸಿಂಪಿಗ ಹಕ್ಕಿ, ಹೆಸರು ತಿಳಿಯದೆಯೇ ಸರಿಯಾಯಿತು. ಉಳಿದವು ಇನ್ನೂ ಗುಬ್ಬಿ ಮತ್ತು ಕಾಗೆ. ಒಂದು ಗಿಡುಗವನ್ನೂ ಕಾಗೆ ಎಂದರು. ಆ ಗಿಡುಗ ಕೇಳಿಸಿಕೊಂಡಿದ್ದರೆ ಊರು ಬಿಡುತ್ತಿತ್ತು.

ಜುಲೈ ೪, ಬುಧವಾರ

ಭಾಮಾಬಾಯಿ ಒದ್ದೆ ಸೆರಗಿನಲ್ಲಿ ಒಳಗೆ ಬಂದು ಕೂಗಿದಳು. ಕರೀ ಬಿಳೀ ಹಕ್ಕಿ, ತಲೆಯ ಮೇಲೆ ಜುಟ್ಟು, ಉದ್ದ ಬಾಲ, ಮಳೆಯಲ್ಲಿ ತೋಯಿಸಿಕೊಳ್ಳುತ್ತ ಕೂತು ಯಾರನ್ನೋ ಕರೆಯುತ್ತಿದೆ. ಚಾತಕ. ಬಂದಿದೆ. ಅದು ಹಾರಿಹೋಗುವವರೆಗೆ ಈಕೆಯೂ ಅಂಗಳದಲ್ಲಿ ತೋಯಿಸಿಕೊಂಡು ನಿಂತಿದ್ದಳಂತೆ. ಒಳಗಿನಿಂದಲೂ ಕಾಣುತ್ತಿತ್ತಲ್ಲ ಎಂದರೆ, ಒಳಗಿನಿಂದ ಅದರ ಹೊಟ್ಟೆಯ ಬಣ್ಣ ಗೊತ್ತಾಗಲಿಲ್ಲ, ನೀನು ಕೇಳೇ ಕೇಳುತ್ತೀ ಎಂದು ಗೊತ್ತಿತ್ತು ಎಂದಳು.

ಹೊಟ್ಟೆ ಬಿಳಿ.

ಜುಲೈ ೧೧, ಬುಧವಾರ

ಜ್ವರ ನಿಂತು ಒಂದು ವಾರ. ಕಿವಿ ಹಾಗೆಯೇ. ಶಾಲೆಯ ಬಾಯಿಯವರು ಬಂದಿದ್ದರು. ಬೀಜಗಣಿತದ ಪಾಠವನ್ನು ಸಹಪಾಠಿಗಳಿಂದ ಬರೆಸಿ ತಂದುಕೊಟ್ಟರು. ಇಂಥವರಿಗೆ ಏನು ಕೊಟ್ಟರೂ ಕಡಿಮೆ. ಆದರೆ ಬೀಜಗಣಿತ ತಂದದ್ದಕ್ಕೆ ಪೂರ್ತಿ ಕೃತಜ್ಞತೆ ಹೇಳಲು ಮನಸ್ಸು ಬರುವುದಿಲ್ಲ. ಕಿವಿ ಬರದಿದ್ದರೆ ತರಗತಿಯಲ್ಲಿ ಕೂತು ಪ್ರಯೋಜನವೇನು, ಮ್ಯಾಟ್ರಿಕ್ ಹೇಗೆ ಎಂದು ಅವರನ್ನು ಕೇಳಲಿಲ್ಲ. ಕೇಳಿದರೆ ಉತ್ತರವನ್ನು ಕೂಗಿ ಹೇಳಬೇಕಾಗುತ್ತಿತ್ತು, ಎಲ್ಲರಿಗೂ ಕೇಳಿಸುತ್ತಿತ್ತು.

ಅತ್ತೆ ಬೆಳಗಾವಿಯ ಮಾರ್ತಾಂಡರಾಯರಿಗೆ ಕಾಗದ ಬರೆದಿದ್ದಾಳೆ. ಅವರು ಮುಂಬಯಿಯಿಂದ ಊರಿಗೆ ಮರಳುವಾಗ ಭಾನುವಾರ ಇಲ್ಲಿ ಇಳಿದು, ತಮ್ಮ ಓವರ್‌ಸಿಯರ್ ಮಗನಿಗೆಂದು ನನ್ನನ್ನು ನೋಡಿ ಹೋಗುತ್ತಾರೆ. ಅಪ್ಪ ಬೇಡವೆಂದನಂತೆ. ಕಿವಿ ಹೀಗೇ ಉಳಿದರೆ ಇನ್ನು ಮುಂದೆ ಯಾರು ಬರುತ್ತಾರೆ, ಈಗಲೇ ಮುಗಿಸಬೇಕೆಂದು ಅತ್ತೆಯ ವಾದ. ಕಿವಿಯ ಸುದ್ದಿ ಅವರ ಮುಂದೆ ಎತ್ತಕೂಡದು. ಮೊದಲು ಹೆಸರು ಕೇಳುತ್ತಾರೆ, ಆಮೇಲೆ ಓದು, ಆಮೇಲೆ ಅಡಿಗೆ, ಅದೇ ಕ್ರಮದಲ್ಲಿ ಉತ್ತರ ಹೇಳಿ ತಲೆ ತಗ್ಗಿಸಬೇಕೆಂದು ಅತ್ತೆ ಕಿವಿಗೆ ಕೂಗಿ ಪಾಠ ಒಪ್ಪಿಸಿಕೊಂಡಳು. ಗುಟ್ಟನ್ನು ಇಷ್ಟು ಗಟ್ಟಿಯಾಗಿ ಹೇಳಿದವರು ನಮ್ಮ ವಂಶದಲ್ಲಿಯೇ ಇಲ್ಲ.

ನಾನು ಹೂಂ ಅಂದೆ. ಅವಳ ಕಣ್ಣ ಕೆಳಗೆ ಕಪ್ಪಾಗಿದೆ. ನನಗಾಗಿ ನಿದ್ದೆಗೆಟ್ಟವಳಿಗೆ ಇಲ್ಲವೆನ್ನುವುದು ಹೇಗೆ?

ಜುಲೈ ೧೫, ಭಾನುವಾರ

ಮಾರ್ತಾಂಡರಾಯರೂ ಅವರ ಹೆಂಡತಿಯೂ ಬಂದುಹೋದರು. ಅತ್ತೆ ನನಗೆ ಹಸಿರು ಇರಕಲ್ ಸೀರೆ ಉಡಿಸಿದ್ದಳು. ಮಾರ್ತಾಂಡರಾಯರ ಬಾಯಿ ಅಲ್ಲಾಡಿದ ಕೂಡಲೇ "ಗೋದಾವರಿ" ಎಂದೆ. ಮತ್ತೆ ಅಲ್ಲಾಡಿತು. "ಮ್ಯಾಟ್ರಿಕ್ಕಿಗೆ ಓದುತ್ತೇನೆ" ಎಂದೆ. ಅವರು ಹೆಂಡತಿಯ ಮುಖ ನೋಡಿದರು. ಆಕೆ ಏನೋ ಕೇಳಿದರು. "ಹೋಳಿಗೆ, ಕಡಬು, ಹುಗ್ಗಿ" ಎಂದೆ. ಆಕೆಯ ಹುಬ್ಬು ಮೇಲೇರಿ ಅಲ್ಲಿಯೇ ನಿಂತಿತು.

ಆಗ ಅಡಿಗೆಮನೆಯ ಬಾಗಿಲಲ್ಲಿದ್ದ ಭಾಮಾಬಾಯಿ ನಡುಮನೆಗೆ ಬಂದಳು. ಬಂದವರೆದುರು ಆಕೆ ಬಾಯಿ ತೆರೆದದ್ದನ್ನು ನಾನು ಎಂದೂ ನೋಡಿರಲಿಲ್ಲ. ನನ್ನ ಕಡೆ ಕೈ ತೋರಿಸಿದಳು, ಕಿವಿ ಮುಟ್ಟಿಕೊಂಡಳು, ಇನ್ನೂ ಏನೇನೋ ಹೇಳಿದಳು. ಅತ್ತೆಯ ಮುಖ ಬಿಳಿಚಿತು. ಅಪ್ಪ ನೆಲ ನೋಡುತ್ತಿದ್ದ. ಕಡೆಗೆ ಮಾರ್ತಾಂಡರಾಯರು ಎದ್ದು ಕೈ ಮುಗಿದರು, ಹೋದರು.

ಕಿವುಡಿ ಎಂದು ಸಾರಿಬಿಟ್ಟಳು. ನನಗೆ ಆ ಓವರ್‌ಸಿಯರ್ ಬೇಕಾಗಿತ್ತು ಎಂದಲ್ಲ. ಆದರೆ ಈಗ ಬೆಳಗಾವಿಯವರೆಗೆ ಸುದ್ದಿ ಹೋಗುತ್ತದೆ. ಅತ್ತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಾಳೆ. ಭಾಮಾಬಾಯಿ ಔಷಧ ತಂದಾಗ ಗೋಡೆಯ ಕಡೆ ತಿರುಗಿ ಮಲಗಿದೆ. ಲೋಟ ಇಟ್ಟುಹೋದಳು.

ಜುಲೈ ೧೬, ಸೋಮವಾರ

ಅಪ್ಪ ಕಚೇರಿಗೆ ಹೋಗುವ ಮೊದಲು ಮಂಚದ ಅಂಚಿಗೆ ಕೂತ. ನನ್ನ ಸಿಟ್ಟು ಯಾರ ಮೇಲೆಂದು ಕೇಳಿದ. ಹೇಳಿದೆ. ಅವನು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು, ನನ್ನ ಬಲಗಿವಿಗೆ ಬಾಯಿ ತಂದು ಕೂಗಿದ.

ಮೊದಲು ಪ್ರಶ್ನೆಗಳು ಏನಿದ್ದವು ಎಂದು ಹೇಳಿದ. ಮಾರ್ತಾಂಡರಾಯರು ಕೇಳಿದ್ದು ಮೊದಲು ನನ್ನ ವಯಸ್ಸು, ಆಮೇಲೆ ನನ್ನ ತಾಯಿಯ ಊರು. ಅವರ ಹೆಂಡತಿ ಕೇಳಿದ್ದು ನಿನಗೆ ಯಾವ ಯಾವ ಬೇನೆ ಬಂದಿತ್ತು ಎಂದು. ಹೋಳಿಗೆ, ಕಡಬು, ಹುಗ್ಗಿ! ನನಗೆ ನಗು ತಡೆಯಲಾಗಲಿಲ್ಲ. ಅಪ್ಪನೂ ನಕ್ಕ. ಆಮೇಲೆ ಭಾಮಾಬಾಯಿ ಹೇಳಿದ್ದನ್ನು, ಆಕೆಯ ಮಾತಿನಲ್ಲಿಯೇ, ನಿಲ್ಲಿಸಿ ನಿಲ್ಲಿಸಿ ಹೇಳಿದ.

"ಹುಡುಗಿಗೆ ಔಷಧದಿಂದ ಕಿವಿ ಮಂದ ಆಗ್ಯಾವರಿ. ತಿರುಗಿ ಬರ್ತಾವೋ ಇಲ್ಲೋ ಡಾಕ್ಟರಿಗೂ ಖಾತ್ರಿ ಇಲ್ಲ. ಮುಚ್ಚಿಟ್ಟು ಮದಿವಿ ಮಾಡಿದ್ರ ನಾಳೆ ಬೈಸಿಕೊಳ್ಳೂದು ಮುಚ್ಚಿಟ್ಟವರಲ್ಲ, ಹುಡುಗಿ. ನನ್ನ ಮದಿವ್ಯಾಗ, ಮನ್ಯಾಗ ಇಷ್ಟು ದೊಡ್ಡ ಮಗಳಿದ್ದಾಳಂತ ನನಗ ಯಾರೂ ಹೇಳಿರಲಿಲ್ಲ. ಹೊಸ್ತಿಲದಾಗ ಅಕ್ಕಿ ಸೇರು ಒದಿಯೂಮುಂದ ಗೊತ್ತಾತು. ಆವತ್ತು ನನಗ ಆದದ್ದು ಈಕಿ ಹೋಗೂ ಮನ್ಯಾಗ ಯಾರಿಗೂ ಆಗೂದು ಬ್ಯಾಡ."

ಹಾಗಾದರೆ ಮುಂದೇನು ಎಂದು ಮಾರ್ತಾಂಡರಾಯರು ಕೇಳಿದರಂತೆ.

"ಮ್ಯಾಟ್ರಿಕ್ ಆಗಲಿ. ಕಿವಿ ಬರಲಿ, ಬರದೇ ಇರಲಿ, ನಾ ಇರೂತನಕ ಈ ಮನ್ಯಾಗ ಆಕಿ ಜಾಗಾ ಎಲ್ಲೂ ಹೋಗೂದಿಲ್ಲ."

ಇದನ್ನು ಅಪ್ಪ ಎಷ್ಟು ಜೋರಾಗಿ ಕೂಗಿದನೆಂದರೆ ಮಾಳಿಗೆಯ ಮೇಲಿನ ಮರಾಠೀ ಬಿಡಾರದವರು ಜಗಳವೆಂದು ತಿಳಿದು ಬಿಡಿಸಲು ಇಳಿದು ಬಂದರು. ಜಗಳವಲ್ಲವೆಂದು ಅಪ್ಪ ಹೇಳಿದರೂ ಅವನ ಕಣ್ಣು ನೋಡಿ ಅವರು ನಂಬಲಿಲ್ಲ. ಮಾರ್ತಾಂಡರಾಯರು ಸಿಟ್ಟಿನಿಂದ ಹೋಗಲಿಲ್ಲವಂತೆ. ಹೆಣ್ಣು ನೋಡಲು ಹೋದ ಮನೆಯಲ್ಲಿ ನಿಜ ಕೇಳಿದ್ದು ಇದೇ ಮೊದಲೆಂದು ಹೇಳಿ ಕೈ ಮುಗಿದರಂತೆ.

ಆ ಹೊಸ್ತಿಲಿನ ದಿನ ನನಗೆ ನೆನಪಿದೆ. ನಾನು ಬಾಗಿಲ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದೆ. ಬಾಸಿಂಗದ ಕೆಳಗಿನ ಮುಖ ನನ್ನನ್ನು ನೋಡಿ ಬೆಚ್ಚಿಬಿದ್ದಿತು. ನನ್ನನ್ನು ಕಂಡು ಹೇಸಿಕೊಂಡಳು ಎಂದು ಅಂದೇ ತೀರ್ಮಾನಿಸಿದ್ದೆ. ಆಕೆಯಿಂದ ಮುಚ್ಚಿಟ್ಟ ವಸ್ತು ನಾನೇ ಎಂದು ನನಗೂ ಯಾರೂ ಹೇಳಿರಲಿಲ್ಲ.

ಸಂಜೆ ಔಷಧದ ಲೋಟ ಬಂದಾಗ ಎದ್ದು ಕೂತು ಕುಡಿದೆ. ಏನಾದರೂ ಹೇಳಬೇಕೆನಿಸಿತು. ಮರದಲ್ಲಿ ಏನಿದೆ ಎಂದು ಕೇಳಿದೆ. ಆಕೆ ಕಿಟಕಿಗೆ ಹೋಗಿ ನೋಡಿ ಬಂದು, ಗುಬ್ಬಿ ಎಂದಳು. ಗುಬ್ಬಿಯೇ ಇರಬೇಕು.

ಜುಲೈ ೨೦

ಔಷಧ ಅರ್ಧ ಮಾಡಿದ್ದಾರೆ. ಅತ್ತೆ ಭಾಮಾಳೊಡನೆ ಮಾತು ಬಿಟ್ಟಿದ್ದಾಳೆ. ಉಪ್ಪು ಬೇಕಾದರೂ ನನಗೆ ಹೇಳುತ್ತಾಳೆ, ನಾನು ಭಾಮಾಳಿಗೆ ಹೇಳಬೇಕು. ಕಿವಿ ಕೇಳದವಳನ್ನು ಮಧ್ಯಸ್ಥಳನ್ನಾಗಿ ಮಾಡಿಕೊಂಡರೆ ಹೀಗೆಯೇ. ಇವತ್ತು ಉಪ್ಪಿನ ಬದಲು ಕೊಪ್ಪರಿಗೆ ಹೋಯಿತು.

ಜುಲೈ ೨೪, ಮಂಗಳವಾರ

ಇದನ್ನು ನಿಧಾನವಾಗಿ ಬರೆಯಬೇಕು.

ಬೆಳಿಗ್ಗೆ ಎಚ್ಚರವಾದಾಗ ಕಿವಿಯೊಳಗಿನ ಜೀರುಂಡೆ ದೂರ ಹೋಗಿತ್ತು, ಎರಡು ಮನೆಯಾಚೆ ಇದ್ದ ಹಾಗೆ. ಹಾಸಿಗೆಯಲ್ಲಿಯೇ ಅಲ್ಲಾಡದೆ ಇದ್ದೆ. ಆಗ ಬಾಗಿಲ ಕಡೆಯಿಂದ ಒಂದು ದನಿ, ತೆಳ್ಳಗೆ, ಆದರೆ ಮಾತು ಮಾತಾಗಿ:

"ಹೀ ಭಾಜೀ ಕೊಳೆತಲೀ ಆಹೇ. ಕಾಲಚೀ ಆಹೇ. ಮೀ ನೋಡತೇ ನಾ!"

ಕೊಳೆತಲೀ ಆಹೇ! ಸೊಪ್ಪು ಕೊಳೆತಿದೆ, ನಿನ್ನೆಯದು ಎನ್ನಲು ಕನ್ನಡವನ್ನೂ ಮರಾಠಿಯನ್ನೂ ಹೀಗೆ ಒಂದೇ ಬುಟ್ಟಿಯಲ್ಲಿ ಹಾಕುವವಳು ನಮ್ಮ ಸದಾಶಿವ ಪೇಟೆಯಲ್ಲಿ ಒಬ್ಬಳೇ. ತರಕಾರಿಯವಳು ನಗುತ್ತಿದ್ದಳು. ಅದೂ ಕೇಳಿಸಿತು. ಎದ್ದು ಗೋಡೆ ಹಿಡಿದುಕೊಂಡು ಬಾಗಿಲಿಗೆ ಹೋದೆ. ಭಾಮಾ ಕೈಯಲ್ಲಿ ಮೆಂತ್ಯದ ಸೂಡು ಹಿಡಿದು ತಿರುಗಿದಳು. ಕೊಳೆತಲೀ ಅಲ್ಲ, ಕುಜಲೀ ಅನ್ನಬೇಕು ಎಂದೆ. ಅವಳು ಬಹಳ ಮೆಲ್ಲಗೆ ಕೇಳಿದಳು:

"ಈಗ ನಾ ಅಂದದ್ದು ಕೇಳಿಸ್ತೇನು?"

ಕೇಳಿಸಿತು ಎಂದೆ. ಅವಳು ಆ ಮೆಂತ್ಯದ ಸೂಡನ್ನೂ, ಬೇಡವೆಂದಿದ್ದ ಇನ್ನೆರಡನ್ನೂ, ಬುಟ್ಟಿಯಲ್ಲಿದ್ದ ಎಲ್ಲವನ್ನೂ ಕೊಂಡುಬಿಟ್ಟಳು. ಮೂರು ದಿನ ಮೆಂತ್ಯವೇ ಗತಿ.

ಅತ್ತೆ ದೇವರ ಮುಂದೆ ಕೂತಿದ್ದಳು. ಅವಳ ಹಿಂದೆ ನಿಂತು, ಅವಳು ಅನ್ನುತ್ತಿದ್ದ ಸ್ತೋತ್ರದ ಮುಂದಿನ ಸಾಲನ್ನು ನಾನು ಅಂದೆ. ಅವಳು ತಿರುಗಲಿಲ್ಲ. ಬಹಳ ಹೊತ್ತಿನ ಮೇಲೆ ಹೊರಗೆ ಬಂದು, ಊದುಬತ್ತಿಯ ಹೊಗೆಯಿಂದ ಕಣ್ಣು ಉರಿಯುತ್ತದೆ ಎಂದಳು. ಊದುಬತ್ತಿ ಹಚ್ಚಿರಲಿಲ್ಲ. ಮಧ್ಯಾಹ್ನ ಎಲೆಯ ಮುಂದೆ ಕೂತಾಗ, ಯಾರನ್ನೂ ನಡುವೆ ಇಟ್ಟುಕೊಳ್ಳದೆ, "ಭಾಮಾ, ಇನ್ನೊಂದು ಸೌಟು ಸಾರು ಹಾಕು" ಎಂದಳು. ಭಾಮಾ ಎರಡು ಸೌಟು ಹಾಕಿದಳು.

ಡಾಕ್ಟರ್ ಸದಾನಂದರಿಗೆ, ಅವರ ಅರ್ಧಕ್ಕಿಳಿಸಿದ ಔಷಧಕ್ಕೆ, ಬೀಜಗಣಿತ ತಂದ ಬಾಯಿಯವರಿಗೆ, ಬೇಡದ ಸಂಬಂಧವನ್ನು ಒತ್ತಾಯ ಮಾಡದೆ ಬಿಟ್ಟುಹೋದ ಮಾರ್ತಾಂಡರಾಯರಿಗೆ, ಅತ್ತೆಯ ಜಪಕ್ಕೆ, ಆ ತರಕಾರಿಯವಳಿಗೆ, ಎಲ್ಲರಿಗೂ ನಾನು ಋಣಿ. ಸೊಳ್ಳೆಗಳಿಗೆ ಇನ್ನೂ ಇಲ್ಲ. ಅಷ್ಟು ದೊಡ್ಡ ಮನಸ್ಸು ನನಗೆ ಬಂದಿಲ್ಲ.

ಆಗಸ್ಟ್ ೫, ಭಾನುವಾರ

ಹಕ್ಕಿಗೆಂದು ಹೊರಗೆ ಹೋದದ್ದು ಇವತ್ತೇ ಮೊದಲು. ಶಾಲೆಗೆ ಹೋಗಿ ಬಂದು ಮಾಡುತ್ತಿರುವೆನಾದ್ದರಿಂದ ನದಿಯವರೆಗೆ ನಡೆಯಲು ಡಾಕ್ಟರು ಒಪ್ಪಿದರು. ಒಬ್ಬಳೇ ಬೇಡವೆಂದು ಅತ್ತೆ ಅಂದದ್ದಕ್ಕೆ ಭಾಮಾ ಬಂದಳು. ಬುತ್ತಿ, ಕೊಡೆ, ಶಾಲು, ಇನ್ನೊಂದು ಶಾಲು, ಎಲ್ಲ ಅವಳ ಕೈಯಲ್ಲಿ. ದುರ್ಬೀನು ಮಾತ್ರ ನನ್ನ ಕೊರಳಲ್ಲಿ.

ಓಂಕಾರೇಶ್ವರದ ಘಾಟಿನ ಹತ್ತಿರ ಮುಠಾ ನದಿ ಕೆಂಪಗೆ ತುಂಬಿ ಹರಿಯುತ್ತಿತ್ತು. ನೀರಿನ ಮೇಲೆ ಬಾಗಿದ ಕರಂಜಿ ಮರದ ಟೊಂಗೆಯ ಮೇಲೆ ಒಂದು ಮಿಂಚುಳ್ಳಿ. ಚಿಕ್ಕದು, ನೀಲಿ, ಇಷ್ಟು ಹತ್ತಿರದಿಂದ ನಾನು ಎಂದೂ ನೋಡಿರಲಿಲ್ಲ. ಭಾಮಾಳ ಕೈ ಹಿಡಿದು ಜಗ್ಗಿ ಕೂರಿಸಿದೆ. ಇಬ್ಬರೂ ಉಸಿರು ಬಿಗಿಹಿಡಿದು ಕೂತೆವು. ಅವಳು ಗುಬ್ಬಿ ಎನ್ನಲಿಲ್ಲ.

ಅದು ನೀರಿಗೆ ಧುಮುಕುವುದನ್ನು ನೋಡಬೇಕೆಂದು ಕಾಯುತ್ತಿರುವಾಗ, ಪಕ್ಕದಲ್ಲಿ ಬಟ್ಟೆ ಒಗೆಯುತ್ತಿದ್ದ ಮರಾಠೀ ಮುದುಕಿಗೆ ನಮ್ಮನ್ನು ನೋಡಿ ಮಾತಾಡುವ ಹುಕಿ ಬಂತು. ಯಾವ ಪೇಟೆಯವರು, ಏನು ನೋಡುತ್ತಿದ್ದೀರಿ, ಹುಡುಗಿ ಯಾಕೆ ಇಷ್ಟು ಬಡವಾಗಿದ್ದಾಳೆ ಎಂದೆಲ್ಲ ಕೇಳಿದಳು. ನಾನು ದುರ್ಬೀನಿನಿಂದ ಕಣ್ಣು ತೆಗೆಯದೆ ಒಂದೊಂದೇ ಮಾತಿನಲ್ಲಿ ಉತ್ತರ ಕೊಟ್ಟೆ. ಅಷ್ಟಕ್ಕೂ ತೃಪ್ತಿಯಿಲ್ಲ. ಭಾಮಾಳ ಕಡೆ ಗದ್ದ ತೋರಿಸಿ, ಇವಳು ನಿನ್ನ ಅಕ್ಕನೇನೆಂದು ಕೇಳಿದಳು.

"ನಾಹೀ, ಆಯೀ ಆಹೇ," ಅಲ್ಲ, ತಾಯಿ ಎಂದೆ, ಮಾತು ಮುಗಿಯಲೆಂದು.

ಅಷ್ಟಕ್ಕೇ ಮುದುಕಿ ಆಶ್ಚರ್ಯದಿಂದ ಒದ್ದೆ ಸೀರೆಯನ್ನು ಕಲ್ಲಿನ ಮೇಲೆ ಟಪ್ಪನೆ ಹಾಕಿದಳು. ಮಿಂಚುಳ್ಳಿ ಹಾರಿಹೋಯಿತು. ಎಂಥ ಹಕ್ಕಿ! ಇನ್ನೊಂದು ಗಳಿಗೆ ಆ ಮುದುಕಿ ಬಾಯಿ ಮುಚ್ಚಿಕೊಂಡಿದ್ದರೆ ಅದು ಮೀನು ಹಿಡಿಯುವುದನ್ನು ನೋಡುತ್ತಿದ್ದೆ.

ತಿರುಗಿ ಬರುವಾಗ ದಾರಿಯುದ್ದಕ್ಕೂ ಮಿಂಚುಳ್ಳಿಯ ಬಗ್ಗೆ ನಾನೊಬ್ಬಳೇ ಮಾತಾಡಿದೆ. ಭಾಮಾ ನನ್ನ ತಲೆಯ ಮೇಲೆ ಕೊಡೆ ಹಿಡಿದುಕೊಂಡು ಸುಮ್ಮನೆ ಬಂದಳು. ಮಳೆಯೇ ಇರಲಿಲ್ಲ. ಪಾಪ, ಅಷ್ಟು ಸಾಮಾನು ಹೊತ್ತು ಅವಳಿಗೆ ದಣಿವಾಗಿರಬೇಕು. ಬರುವ ಭಾನುವಾರ ಬುತ್ತಿಯನ್ನು ನಾನು ಹಿಡಿದುಕೊಳ್ಳುತ್ತೇನೆ.